ಆ ನಾಲ್ಕು

ಮ್ಯಾಂಚೆಸ್ಟರಿನ ಸೂಲಗಿತ್ತಿ ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಕೇಳಿದಳು: “ಹೆರಿಗೆ ಮನೆಯಲ್ಲೋ, ಆಸ್ಪತ್ರೆಯಲ್ಲೋ?” ಊರಿಗೆ ಫೋನ್ ಮಾಡಿದೆ. “ನಿನ್ನಜ್ಜಿ ಮನೆಯಲ್ಲೇ ಒಂಬತ್ತು ಹೆತ್ತಳು,” ಎಂದು ಅಮ್ಮ ನಕ್ಕಳು. ಸ್ವಲ್ಪ ತಡೆದು, “ಉಳಿದದ್ದು ಐದು,” ಎಂದಳು.

ಇಂಗ್ಲೆಂಡಿನಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೊಡಕಿಲ್ಲದ ಚೊಚ್ಚಲ ಬಸುರಿಯರು ಆಸ್ಪತ್ರೆ ಆರಿಸಿಕೊಂಡಾಗ ಸಾವಿರಕ್ಕೆ ಸುಮಾರು 5 ಮಕ್ಕಳಿಗೆ ಗಂಭೀರ ಅಪಾಯವಾಗಿತ್ತು. ಮನೆ ಆರಿಸಿಕೊಂಡಾಗ 9. ಮುಂದಿನ ಹೆರಿಗೆಗಳಲ್ಲಿ ಆ ಅಂತರ ಕಾಣಲಿಲ್ಲ.

ಮೈ ನನ್ನದು, ನೋವೂ ನನ್ನದು. ಆದರೆ ಆ ನಾಲ್ಕು ಮಾತ್ರ ಇನ್ನೂ ಮಾತು ಬಾರದವರ ಪಾಲಿನದು. ಹಾಗೆಂದು ಹೆದರಿಕೆಯನ್ನೇ ಧರ್ಮವೆಂದುಕೊಂಡರೆ ತಾಯಿ ಬರಿಯ ಪಾತ್ರೆಯಾಗಿಬಿಡುತ್ತಾಳೆ. ಅಜ್ಜಿಗೆ ಆಯ್ಕೆಯಿರಲಿಲ್ಲ, ನನಗಿದೆ. ಆಯ್ಕೆಯಿದ್ದವಳು ಉತ್ತರವನ್ನೂ ಹೇಳಬೇಕು.

“ಈ ಸಲ ಆಸ್ಪತ್ರೆ,” ಎಂದೆ. “ಎರಡನೆಯದಕ್ಕೆ ಮತ್ತೆ ಕೇಳಿ.”