ಮಹಡಿಯ ಮನೆ ಯಾರಿಗೆ?

ಕಾಲೇಜು ಶುರುವಾಗುವ ದಿನಗಳಲ್ಲಿ ಪರಶುರಾಂಪುರದ ಬಸ್ ನಿಲ್ದಾಣದಲ್ಲಿ ನಿಂತರೆ, ಸುತ್ತಿದ ಹಾಸಿಗೆ, ಟ್ರಂಕು, ಚಟ್ನಿಪುಡಿಯ ಡಬ್ಬ ಹಿಡಿದ ತಂದೆ-ಮಕ್ಕಳನ್ನು ಕಾಣಬಹುದು. ನಮ್ಮದು ಮಳೆ ಕಡಿಮೆಯ ಸೀಮೆ. ಶೇಂಗಾ ಕೈಕೊಟ್ಟ ವರ್ಷವೂ ಇಲ್ಲಿಯ ರೈತ ಸಾಲ ಮಾಡಿಯಾದರೂ ಮಗನ ಫೀಜು ಕಟ್ಟುತ್ತಾನೆ. ಚಳ್ಳಕೆರೆ ದಾಟಿ ಚಿತ್ರದುರ್ಗ, ದಾವಣಗೆರೆ, ಧಾರವಾಡ, ಬೆಂಗಳೂರು ಎಂದು ಮಕ್ಕಳು ಹೋಗುತ್ತಾರೆ. ಅಲ್ಲಿ ಎಲ್ಲಿ ಉಳಿಯುತ್ತೀಯಾ ಎಂದು ನಾವು ಕೇಳುತ್ತೇವೆ. ಅವರು ಉಳಿಯುವ ಕೋಣೆಯಲ್ಲಿ ಮೊದಲು ಯಾರಿದ್ದರು ಎಂದು ನಾನಂತೂ ಕೇಳಿರಲಿಲ್ಲ. ಕಳೆದ ವರ್ಷ ದಾವಣಗೆರೆಯಲ್ಲಿರುವ ನನ್ನ ಅಕ್ಕ ಸಲಹೆ ಕೇಳಿದಾಗ ಮೊದಲ ಬಾರಿಗೆ ಆ ಯೋಚನೆ ಬಂತು.

ಅಕ್ಕ ವಿಧವೆ. ಭಾವ ಕಟ್ಟಿಸಿದ ಮನೆಯ ಮಹಡಿಯಿಂದ ಬರುವ ಬಾಡಿಗೆಯೇ ಆಕೆಗೆ ಆಧಾರ. ಅಲ್ಲಿ 9 ವರ್ಷದಿಂದ ಒಂದು ಸಂಸಾರವಿತ್ತು. ಗಂಡ ಅಂಗಡಿಯಲ್ಲಿ ಗುಮಾಸ್ತ, ಹೆಂಡತಿ ಬಟ್ಟೆ ಹೊಲಿಯುವಾಕೆ, ಮಗಳು ಒಂಬತ್ತನೇ ತರಗತಿ. ಬಾಡಿಗೆ 8,000 ರೂಪಾಯಿ. ದಲ್ಲಾಳಿಯೊಬ್ಬ ಬಂದು, ಹಾಲಿಗೆ ಪ್ಲೈವುಡ್ ಅಡ್ಡಗೋಡೆ ಹಾಕಿ 8 ಮಂಚ ಇಟ್ಟರೆ ತಲೆಗೆ 2,500ರಂತೆ 20,000 ಬರುತ್ತದೆ ಎಂದು ಲೆಕ್ಕ ಹೇಳಿ ಹೋಗಿದ್ದ.

"ನೀನೇ ಹೇಳು ತಮ್ಮಾ, ನನ್ನ ಔಷಧಿಗೇ ತಿಂಗಳಿಗೆ 4,000 ಬೇಕು. ಅವರನ್ನ ಬಿಡಿಸಿದರೆ ಪಾಪವಾ?" ಎಂದಳು ಅಕ್ಕ.

ನಾನು ತಕ್ಷಣ ಉತ್ತರ ಕೊಡಲಿಲ್ಲ. ನಿಜ ಹೇಳಬೇಕೆಂದರೆ, ಕೊಡಲು ಉತ್ತರವಿರಲಿಲ್ಲ.

ದಾವಣಗೆರೆ ಹಿಂದೆ ಹತ್ತಿ ಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿತ್ತು. ಆಗ ಬಾಡಿಗೆಗೆ ಮನೆ ಹುಡುಕುತ್ತಿದ್ದವರು ಗಿರಣಿಯ ಸಂಸಾರಗಳು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಬಂದವು. ಗಿರಣಿಗಳ ಸದ್ದು ಅಡಗಿತು, ವಿದ್ಯಾರ್ಥಿಗಳ ಸಂಖ್ಯೆ ಬೆಳೆಯಿತು. ಊರು ಬದುಕಿದ್ದು ಹಾಗೆ. ಅದನ್ನು ದೂರುವುದು ನ್ಯಾಯವಲ್ಲ.

ಆದರೆ ಬೀದಿಯವರು ದೂರುತ್ತಾರೆ. ಅಕ್ಕನ ಬೀದಿಯಲ್ಲಿ ಆಗಲೇ ಮೂರು ಮನೆ ಹೀಗೆ ಬದಲಾಗಿದ್ದವು. ಒಂದೇ ಸಂಪಿನ ನೀರಿಗೆ ಹನ್ನೆರಡು ಜನ, ಗೇಟಿಗೆ ಅಡ್ಡವಾಗಿ ಬೈಕು, ರಾತ್ರಿ ಹನ್ನೊಂದಕ್ಕೆ ಹುಟ್ಟುಹಬ್ಬದ ಕೂಗು, ತುಂಬಿ ಹರಿಯುವ ಚರಂಡಿ. ಈ ದೂರುಗಳೆಲ್ಲ ನಿಜ. ಜೊತೆಗೆ "ಹಳ್ಳಿ ಹುಡುಗರು, ಸಂಸ್ಕಾರವಿಲ್ಲ" ಎಂಬ ಮಾತೂ ಬರುತ್ತದೆ. ಅದನ್ನು ಕೇಳಿದಾಗ ನನಗೆ ನಮ್ಮೂರ ಬಸ್ ನಿಲ್ದಾಣ ನೆನಪಾಯಿತು. ಆ ಹಳ್ಳಿ ಹುಡುಗರು ನಮ್ಮ ಮಕ್ಕಳೇ ಅಲ್ಲವೇ?

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಬಾಡಿಗೆ ಮನೆ ಹುಡುಕಿದ ಕ್ರೈಸ್ತ ಕುಟುಂಬಗಳಿಗೆ "ಮಾಂಸ ತಿನ್ನುವವರಿಗೆ ಕೊಡುವುದಿಲ್ಲ" ಎಂಬ ಉತ್ತರ ಹೊಸದಲ್ಲ. ದಲಿತರಿಗೆ, ಮುಸಲ್ಮಾನರಿಗೆ ಅದಕ್ಕಿಂತ ಕಹಿಯಾದ ಅನುಭವವಿದೆ. ಮಂಚದ ಲೆಕ್ಕದಲ್ಲಿ ಬಾಡಿಗೆ ಪಡೆಯುವ ಮಾಲೀಕ ಜಾತಿ ಕೇಳುವುದು ಕಡಿಮೆ, ಅವನಿಗೆ ಮುಂಗಡ ಸಿಕ್ಕರೆ ಸಾಕು. ಸಂಸಾರಗಳ ಬೀದಿ ಎಂದು ನಾವು ಹೊಗಳುವ ಬೀದಿ ಎಲ್ಲ ಸಂಸಾರಗಳನ್ನೂ ಒಳಗೆ ಬಿಟ್ಟುಕೊಂಡ ಬೀದಿಯಲ್ಲ.

ಕಾನೂನು ಏನು ಹೇಳುತ್ತದೆ? ಬೆಂಗಳೂರಿನಲ್ಲಿ 42 ಕೋಣೆಗಳ ಕಟ್ಟಡವೊಂದನ್ನು ವಿದ್ಯಾರ್ಥಿಗಳ, ನೌಕರರ ವಸತಿಗೆ ಕೊಟ್ಟಾಗ ಅದು ವಾಸದ ಮನೆಯೇ ಅಲ್ಲವೇ ಎಂಬ ತೆರಿಗೆಯ ತಕರಾರು ಎದ್ದಿತು. ಜನ ಅಲ್ಲಿ ವಾಸಿಸುತ್ತಾರಾದ್ದರಿಂದ ಅದು ವಾಸದ ಮನೆಯೇ ಎಂದು ಕರ್ನಾಟಕ ಹೈಕೋರ್ಟು 2022ರಲ್ಲಿ ಹೇಳಿತು. 2024ರಲ್ಲಿ ಕೋರಮಂಗಲದ ಪಿ.ಜಿ.ಯೊಂದರಲ್ಲಿ ಯುವತಿಯೊಬ್ಬಳ ಕೊಲೆಯಾದ ಮೇಲೆ, ಆಗಿನ ಬೆಂಗಳೂರು ಮಹಾನಗರ ಪಾಲಿಕೆಯು ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಇರಬೇಕೆಂದು ನಿಯಮ ಮಾಡಿತು. ಇದು ಬರುವವರ ರಕ್ಷಣೆ. ಬಿಟ್ಟು ಹೋಗುವವರಿಗೆ ಇಂಥದ್ದು ಕಡಿಮೆ. 1999ರ ಕರ್ನಾಟಕ ಬಾಡಿಗೆ ಕಾಯಿದೆಯ ಪ್ರಕಾರ ತಿಂಗಳಿಗೆ 3,500 ರೂಪಾಯಿ ಮೀರಿದ ವಾಸದ ಮನೆಗಳು ದೊಡ್ಡ ಊರುಗಳಲ್ಲೂ ಅದರ ರಕ್ಷಣೆಯ ಹೊರಗೆ. ನೋಂದಣಿ ತಪ್ಪಿಸಲೆಂದು ಮಾಡಿಕೊಳ್ಳುವ 11 ತಿಂಗಳ ಕರಾರು ಮುಗಿದರೆ ಹೊರಡಬೇಕು. 9 ವರ್ಷ ಇದ್ದವರಿಗೂ ಅಷ್ಟೇ.

ಹಾಗಾದರೆ ಉಳಿಯುವುದು ಮನಸ್ಸಾಕ್ಷಿ. ಕ್ರಿಸ್ಮಸ್ ಬಂದಾಗ ನಾವೆಲ್ಲ ಬೆತ್ಲೆಹೇಮಿನ ಛತ್ರದಲ್ಲಿ ಸ್ಥಳ ಸಿಗದ ಮರಿಯಮ್ಮ, ಜೋಸೆಫರನ್ನು ನೆನೆಯುತ್ತೇವೆ. ಅಕ್ಕನ ಮಹಡಿಯ ವಿಷಯದಲ್ಲಿ ಆ ಕಥೆ ಯಾರ ಪರ? ಊರು ಬಿಟ್ಟು ಬಂದ ಹುಡುಗನೂ ಪರದೇಶಿಯೇ, ಮಗಳ ಕೈ ಹಿಡಿದು ಮನೆ ಹುಡುಕುವ ಗುಮಾಸ್ತನೂ ಪರದೇಶಿಯೇ. ಯಾಜಕಕಾಂಡದ 25ನೇ ಅಧ್ಯಾಯವಂತೂ ಭೂಮಿಯ ಒಡೆಯ ದೇವರು, ಅಕ್ಕನೂ ಸೇರಿ ನಾವೆಲ್ಲ ಅವರಲ್ಲಿ ಒಕ್ಕಲಿದ್ದವರು ಎಂದು ತಿಳಿಸುತ್ತದೆ. ಜಗದ್ಗುರು ಹದಿಮೂರನೇ ಲಿಯೋ 1891ರ ತಮ್ಮ ವಿಶ್ವಪತ್ರದಲ್ಲಿ ಆಸ್ತಿಯ ಹಕ್ಕನ್ನು ಎತ್ತಿಹಿಡಿದರು. ಆಸ್ತಿ ನನ್ನದಾದರೂ ಅದರ ಬಳಕೆಯಲ್ಲಿ ಕಷ್ಟದಲ್ಲಿರುವವನ ಪಾಲನ್ನು ಮರೆಯಬಾರದೆಂದೂ ಕಲಿಸಿದರು. ಆದರೆ ಆ ಪಾಲು ಎಷ್ಟು?

ಗುಮಾಸ್ತನ ಸಂಸಾರವನ್ನು ಕೊನೆಯವರೆಗೂ 8,000ಕ್ಕೇ ಇಟ್ಟುಕೊಳ್ಳಬೇಕು ಎನ್ನಲು ನನಗೆ ಬಾಯಿ ಬರಲಿಲ್ಲ. ಅದು ಔಷಧಿ ಬಿಟ್ಟು ದಾನ ಮಾಡು ಎಂದ ಹಾಗೆ. ಆದರೆ ಶಾಲೆಯ ವರ್ಷದ ನಡುವೆ, ಒಂದು ತಿಂಗಳ ನೋಟೀಸಿನಲ್ಲಿ ಕಳಿಸುವುದು ಅನ್ಯಾಯ. ನೀರು, ಶೌಚಾಲಯ ನಾಲ್ಕು ಜನಕ್ಕೆ ಸಾಲುವಲ್ಲಿ 8 ಮಂಚ ಹಾಕುವುದೂ ಅನ್ಯಾಯವೇ. ಅದು ಓದಲು ಬಂದ ಹುಡುಗರಿಗೂ, ಪಕ್ಕದ ಮನೆಯವರಿಗೂ ಮಾಡುವ ಮೋಸ. ಮೊದಲು ಅವರನ್ನೇ ಕೂರಿಸಿ ನಿನ್ನ ಕಷ್ಟ ಹೇಳು, ಎಷ್ಟು ಕೊಡಬಲ್ಲರೋ ಕೇಳು ಎಂದೆ. ಒಂಬತ್ತು ವರ್ಷದಲ್ಲಿ ಅಕ್ಕ ಬಾಡಿಗೆಯ ಮಾತನ್ನು ಅವರೊಡನೆ ಬಾಯಿಬಿಟ್ಟು ಆಡಿದ್ದು ಎರಡೇ ಸಲವಂತೆ.

ಅವರು 10,000 ಕೊಡಲು ಮುಂದೆ ಬಂದರು. ಮಗಳ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಯುವ ತನಕ ಇರುವುದೆಂದು ಮಾತಾಗಿದೆ. ಆಮೇಲೆ ನಾಲ್ಕು ಹುಡುಗಿಯರಿಗೆ ಕೊಡುವ ಯೋಚನೆ ಅಕ್ಕನದು, ಅಡ್ಡಗೋಡೆ ಹಾಕದೆ. ದಲ್ಲಾಳಿಗೆ ಇದು ದಡ್ಡತನವಾಗಿ ಕಂಡಿದೆ. ಗುಮಾಸ್ತನಿಗೆ ಇನ್ನೂ ಬೇರೆ ಮನೆ ಸಿಕ್ಕಿಲ್ಲ. ಮುಂದಿನ ವರ್ಷ ನನ್ನ ಮಗಳೂ ಬೆಂಗಳೂರಿಗೆ ಹೊರಡಬೇಕು. ಅವಳಿಗೂ ಒಂದು ಮಂಚ ಹುಡುಕುತ್ತಿದ್ದೇನೆ.