ಮನೆಯಲ್ಲಿ ಹಂದಿಯನ್ನು ಕೊಯ್ಯುವ ವಿಷಯ

ಕ್ರಿಸ್ತಜಯಂತಿಯು ಸಮೀಪಿಸುವಾಗ ದಕ್ಷಿಣ ಕನ್ನಡದಲ್ಲಿಯೂ ಕೊಡಗಿನಲ್ಲಿಯೂ ನಮ್ಮವರ ಕೆಲವು ಮನೆಗಳಲ್ಲಿ, ಕಲಗಚ್ಚನ್ನೂ ತೌಡನ್ನೂ ಹಾಕಿ ಸಾಕಿದ ಹಂದಿಯನ್ನು ಹಬ್ಬಕ್ಕೆಂದು ಕೊಯ್ಯುವದುಂಟು. ಇದನ್ನು ತಿನ್ನಬಹುದೋ ಎಂದು ಕೇಳುವವರಿಗೆ ಉತ್ತರವು ಬಹು ಹಿಂದೆಯೇ ದೊರಕಿಯದೆ. ಹಂದಿಯ ಗೊರಸು ಸೀಳಿದ್ದರೂ ಅದು ಮೆಲುಕು ಹಾಕದ ಕಾರಣ ಮೋಶೆಯ ಧರ್ಮಶಾಸ್ತ್ರವು ಅದನ್ನು ಅಶುದ್ಧವೆಂದು ಎಣಿಸಿತು. ಆದರೆ ಅಪೊಸ್ತಲನಾದ ಪೇತ್ರನು ಯೊಪ್ಪದಲ್ಲಿ ಮಾಳಿಗೆಯ ಮೇಲೆ ಕಂಡ ದರ್ಶನವನ್ನು ನಾವೆಲ್ಲರೂ ಬಲ್ಲೆವು. ಆ ದರ್ಶನವು ಮಾಂಸಕ್ಕಿಂತಲೂ ಹೆಚ್ಚಾಗಿ ಮನುಷ್ಯರನ್ನು ಕುರಿತದ್ದೆಂಬದನ್ನು ಮಾತ್ರ ನಾವು ಬೇಗನೆ ಮರೆತುಬಿಡುತ್ತೇವೆ.

ಹಾಗಾದರೆ ತಿನ್ನಲು ಅಪ್ಪಣೆಯಿದ್ದ ಮಾತ್ರಕ್ಕೆ ಹೇಗಾದರೂ ಕೊಲ್ಲಲು ಅಪ್ಪಣೆಯಾಯಿತೋ? ನಮ್ಮ ಅಂಗಳಗಳಲ್ಲಿ ನಡೆಯುವದನ್ನು ನೋಡಿದರೆ ಅನೇಕರು ಹಾಗೆಯೇ ತಿಳಿದಿರುವಂತೆ ಕಾಣುತ್ತದೆ. ಹಂದಿಯನ್ನು ಅಟ್ಟಾಡಿಸಿ ಹಿಡಿದು, ನಾಲ್ಕು ಕಾಲುಗಳನ್ನೂ ಬಿಗಿದು, ಗಳುವಿಗೆ ತೂಗುಹಾಕಿ, ಮೊಂಡ ಕತ್ತಿಯಿಂದ ಮತ್ತೆ ಮತ್ತೆ ಇರಿಯುತ್ತಾರೆ. ಅದರ ಕೂಗಿಗೆ ಹುಡುಗರು ಕೇಕೆ ಹಾಕಿ ನಗುತ್ತಾರೆ. ಒಂದು ಗುಬ್ಬಿಯೂ ತಂದೆಯ ಅರಿವಿಲ್ಲದೆ ನೆಲಕ್ಕೆ ಬೀಳುವದಿಲ್ಲವೆಂದು ಭಾನುವಾರ ಕೇಳಿದ ಕಿವಿಗಳು ಇವೇ ಅಲ್ಲವೇ? ದೇಶದ ಕಾನೂನು ಸಹ ಇಲ್ಲಿ ಸುಮ್ಮನಿಲ್ಲ. 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯು ಆಹಾರಕ್ಕಾಗಿ ಕೊಲ್ಲುವದನ್ನು ಅಪರಾಧವೆನ್ನದಿದ್ದರೂ, ಅನಾವಶ್ಯಕವಾದ ನೋವು ಅದರೊಡನೆ ಕೂಡಿದರೆ ಆ ವಿನಾಯಿತಿಯನ್ನು ಕೊಡುವದಿಲ್ಲ.

ನೋವನ್ನು ಕಡಿಮೆಮಾಡುವದು ಕಷ್ಟವಾದ ವಿದ್ಯೆಯೇನಲ್ಲ. ಹಿಂದಿನ ದಿನವೇ ಮೇವನ್ನು ನಿಲ್ಲಿಸಿ ನೀರನ್ನು ಮಾತ್ರ ಕೊಡಬೇಕು. ಅಟ್ಟಬಾರದು, ಬೆದರಿ ಸೆಣಸಿ ಸತ್ತ ಹಂದಿಯ ಮಾಂಸವು ಬಿಳಿಚಿ ನೀರೊಡೆಯುವದುಂಟು. ಹಣೆಯ ನಡುವೆ, ಕಣ್ಣುಗಳ ಮಟ್ಟಕ್ಕಿಂತ ತುಸು ಮೇಲೆ, ಬಲವುಳ್ಳವನೂ ಪಳಗಿದವನೂ ಆದ ಒಬ್ಬನು ಕೊಡಲಿಯ ಬೆನ್ನಿನಿಂದ ಒಂದೇ ಪೆಟ್ಟಿಗೆ ಪ್ರಜ್ಞೆ ತಪ್ಪಿಸಿ, ತಡಮಾಡದೆ ಕುತ್ತಿಗೆಯ ಬುಡದಲ್ಲಿ ಹರಿತವಾದ ಕತ್ತಿಯಿಂದ ದೊಡ್ಡ ರಕ್ತನಾಳಗಳನ್ನು ಕೊಯ್ಯಬೇಕು. ಬಿಸಿನೀರು ಹೊಯ್ಯುವದಕ್ಕಾಗಲಿ ಹುಲ್ಲಿನ ಬೆಂಕಿ ಹಿಡಿಯುವದಕ್ಕಾಗಲಿ ಅವಸರಪಡಬಾರದು. ಕಣ್ಣನ್ನು ಮುಟ್ಟಿದರೂ ರೆಪ್ಪೆ ಅಲುಗದಷ್ಟು ಪ್ರಾಣ ಹೋಗಿರಬೇಕು. ನೀರು ಕುದಿಯುತ್ತಿದ್ದರೆ ಕೂದಲು ಚರ್ಮಕ್ಕೆ ಕಚ್ಚಿಕೊಳ್ಳುವದು. ಸುಮಾರು 65 ಡಿಗ್ರಿ ಬಿಸಿಯಿದ್ದರೆ ಸಲೀಸಾಗಿ ಕೆರೆಯಬಹುದು.

ಮಾಂಸವನ್ನು ತುಂಡುಮಾಡುವಾಗ ಬಡವನ ಮನಸ್ಸಾಕ್ಷಿಗೆ ಒಂದು ಶೋಧನೆಯು ಬರುವದುಂಟು. ಮಾಂಸದೊಳಗೆ ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳು ಕಂಡರೆ ಅವು ಲಾಡಿಹುಳದ ಮರಿಗಳು. ಮನುಷ್ಯರ ಮಲವನ್ನು ತಿಂದು ತಿರುಗುವ ಹಂದಿಗೆ ಅವು ಅಂಟುತ್ತವೆ. ಅಂಥ ಮಾಂಸವು ಚೆನ್ನಾಗಿ ಬೇಯದೆ ಹೊಟ್ಟೆಗೆ ಹೋದರೆ ಕರುಳಲ್ಲಿ ಹುಳವು ಬೆಳೆಯುವದು. ಆ ಹುಳದ ಮೊಟ್ಟೆಗಳು ಕೊಳಕು ಕೈಗಳಿಂದ ಅನ್ನನೀರಿಗೆ ಸೇರಿದರೆ, ಮಾಂಸವನ್ನೇ ಮುಟ್ಟದವನ ಮಿದುಳಿನಲ್ಲಿಯೂ ಗುಳ್ಳೆಗಳಾಗಿ ಮೂರ್ಛೆರೋಗ ಬರುವದು. ವರುಷದ ದುಡಿಮೆಯೆಲ್ಲ ಆ ಒಂದೇ ಹಂದಿಯಲ್ಲಿರುವಾಗ, ಮಸಾಲೆಯಲ್ಲಿ ಮುಚ್ಚಿ ಮಾರಿಬಿಡೋಣವೆಂದು ತೋರುವದು ಸಹಜವೇ. ಆದಾಗ್ಯೂ ಅದನ್ನು ಆಳವಾಗಿ ಹೂಳಿಬಿಡಬೇಕೆಂದೇ ನಾವು ಹೇಳುತ್ತೇವೆ. ಹೀಗೆ ನಷ್ಟಪಟ್ಟವನಿಗೆ ಒಂದು ಮರಿಯನ್ನು ಕೊಂಡುಕೊಡುವಷ್ಟು ಹಣವನ್ನು ಸಭೆಯ ಹಿರಿಯರು ಒದಗಿಸಬಾರದೇ? ಅವನೊಬ್ಬನೇ ಸತ್ಯವಂತನಾಗಿರಬೇಕೆಂದು ಬಯಸಿ ನಾವು ಕೈಕಟ್ಟಿ ಕೂಡುವದು ನ್ಯಾಯವಲ್ಲ.

ಇನ್ನೊಂದು ಮಾತು, ಇದು ಕೆಲವರಿಗೆ ರುಚಿಸಲಿಕ್ಕಿಲ್ಲ. ಅನುಕೂಲವಂತರಾದ ನಮ್ಮವರು ಹಂದಿಯನ್ನು ತಾವು ಕೊಯ್ಯದೆ, ಊರಾಚೆಯ ಕೇರಿಯಿಂದ ಒಬ್ಬನನ್ನು ಕರೆಸುತ್ತಾರೆ. ಅವನು ರಕ್ತದಲ್ಲಿ ಕೈ ಅದ್ದಿ, ಕರುಳು ತೊಳೆದು, ಎಲ್ಲವನ್ನೂ ಹಸನುಮಾಡಿಕೊಟ್ಟ ಮೇಲೆ ಒಂದಿಷ್ಟನ್ನು ಎಲೆಯಲ್ಲಿ ಕಟ್ಟಿ ಅಂಗಳದ ಅಂಚಿನಲ್ಲಿಟ್ಟು ಕಳುಹಿಸುತ್ತಾರೆ. ನಮ್ಮ ಊಟಕ್ಕಾಗಿ ಆದ ಕೊಲೆಯ ಕೊಳೆಯು ಅವನಿಗೆ ಮಾತ್ರ ಅಂಟಿತೋ? ನಮ್ಮ ಅಜ್ಜ ಮುತ್ತಜ್ಜಂದಿರಲ್ಲಿ ಎಷ್ಟೋ ಮಂದಿ ಹೀಗೆಯೇ ಅಂಗಳದ ಅಂಚಿನಲ್ಲಿ ನಿಂತವರು. ಯೊಪ್ಪದಿಂದ ಹೊರಟ ಪೇತ್ರನು ಕೊರ್ನೇಲ್ಯನ ಮನೆಯೊಳಗೆ ಕಾಲಿಟ್ಟನಲ್ಲದೆ ಅಂಗಳದಲ್ಲಿ ನಿಂತು ಮಾತಾಡಲಿಲ್ಲ. ಈ ಸಾರಿ ಆ ಕೆಲಸದವನಿಗೆ ಕೂಲಿಯನ್ನೂ ಕೈತೊಳೆಯಲು ಬಿಸಿನೀರನ್ನೂ ಕೊಟ್ಟು, ಅವನ ಹೆಂಡತಿ ಮಕ್ಕಳನ್ನೂ ಕರೆಸಿ, ನಮ್ಮದೇ ಪಂಕ್ತಿಯಲ್ಲಿ ಅವರಿಗೆ ಎಲೆ ಹಾಕಿರಿ.