ಸಂತ ತೋಮಸರ ಹೆಸರಿನ ದ್ವೀಪ

ಜನಜಂಗುಳಿಯ ಪ್ರವಾಸಿ ತಾಣಗಳಿಂದ ಬೇಸತ್ತವರು ಇತ್ತೀಚೆಗೆ ಹೆಚ್ಚು ಮಂದಿ ಕಾಲಿಡದ ಊರುಗಳನ್ನು ಅರಸಿ ಹೊರಡುತ್ತಾರೆ. ಯಾರೂ ನೋಡದ ಊರು ಎಂದರೆ ಯಾರೂ ಕೆಡಿಸದ ಊರು ಎಂಬ ನಂಬಿಕೆ ಈ ಹುಡುಕಾಟದ ಹಿಂದಿದೆ. ಆದರೆ ನಮಗೆ ತಿಳಿಯದ ಊರು ನೋವನ್ನೇ ತಿಳಿಯದ ಊರಾಗಿರಬೇಕೇ? ಅಲ್ಲಿಗೆ ಹೋದವನು ಏನನ್ನು ನೋಡಬೇಕು?

ಆಫ್ರಿಕಾ ಖಂಡದ ಪಶ್ಚಿಮಕ್ಕೆ, ಭೂಮಧ್ಯರೇಖೆಯ ಸಮೀಪ ಸಾವೊ ತೊಮೆ ಮತ್ತು ಪ್ರಿನ್ಸಿಪೆ ಎಂಬ ಪುಟ್ಟ ದ್ವೀಪರಾಷ್ಟ್ರವಿದೆ. ವಿಸ್ತೀರ್ಣ ಸುಮಾರು 1,000 ಚದರ ಕಿಲೋಮೀಟರ್. ಜನರು ಎರಡು ಲಕ್ಷಕ್ಕೆ ತುಸು ಹೆಚ್ಚು. ದಟ್ಟವಾದ ಮಳೆಕಾಡು, ಮಂಜಿನ ನಡುವೆ ಸೂಜಿಯಂತೆ ಮೇಲೆದ್ದ ಬಂಡೆಗಳು, ನಿರ್ಜನ ಕಡಲತೀರಗಳು ಅಲ್ಲಿವೆ. ಅಲ್ಲಿಗೆ ತಲುಪುವ ಪ್ರವಾಸಿಗರು ವಿರಳ. ಹೋದವರು ಸ್ವರ್ಗವನ್ನೇ ಕಂಡೆವೆಂದು ಹೇಳಿದರೆ ಅಚ್ಚರಿಯಿಲ್ಲ.

ಪೋರ್ಚುಗೀಸ್ ನಾವಿಕರು 1470ರ ಸುಮಾರಿಗೆ ಸಂತ ತೋಮಸರ ಹಬ್ಬದ ದಿನ ಇಲ್ಲಿಗೆ ಬಂದು, ದ್ವೀಪಕ್ಕೆ ಆ ಪ್ರೇಷಿತರ ಹೆಸರನ್ನಿಟ್ಟರೆಂಬುದು ಪ್ರತೀತಿ. ಆಗ ಅಲ್ಲಿ ಮನುಷ್ಯರ ವಾಸವಿರಲಿಲ್ಲ. ಕಬ್ಬು ಬೆಳೆಯಲು ಆಫ್ರಿಕಾದಿಂದ ಗುಲಾಮರನ್ನು ಹಡಗುಗಳಲ್ಲಿ ತಂದರು. 1534ರಲ್ಲಿ ಅಲ್ಲಿ ಧರ್ಮಪ್ರಾಂತ್ಯವೂ ಸ್ಥಾಪನೆಯಾಯಿತು. ಶಿಲುಬೆ ನೆಟ್ಟ ನೆಲದಲ್ಲೇ ಮನುಷ್ಯರ ಮಾರಾಟವೂ ನಡೆಯಿತೆಂಬ ಸತ್ಯ ಕ್ರೈಸ್ತರಾದ ನಮಗೆ ನೋವಿನದು. ಆದರೂ ಅದನ್ನು ಮರೆಮಾಚಲಾಗದು.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ, ಕೊಕ್ಕೋ ಬಂದವು. 1875ರಲ್ಲಿ ಕಾನೂನು ಗುಲಾಮಗಿರಿಯನ್ನು ಕೊನೆಗೊಳಿಸಿತು. ಆದರೆ ಅಂಗೋಲದಿಂದ 'ಕರಾರು ಕೂಲಿ'ಗಳನ್ನು ತರುವುದು ಮುಂದುವರಿಯಿತು. ಕರಾರು ಕಾಗದದ ಮೇಲಿತ್ತು. ಊರಿಗೆ ಮರಳಿದವರು ಮಾತ್ರ ಅತ್ಯಲ್ಪ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಚಿಕ್ಕ ದ್ವೀಪ ಜಗತ್ತಿನ ಕೊಕ್ಕೋ ಉತ್ಪಾದಕರಲ್ಲಿ ಮುಂಚೂಣಿಯಲ್ಲಿತ್ತು.

ಆ ಕೊಕ್ಕೋ ಕೊಂಡವರಲ್ಲಿ ಇಂಗ್ಲೆಂಡಿನ ಕ್ಯಾಡ್ಬರಿ ಕುಟುಂಬವೂ ಒಂದು. ಅವರು ಕ್ವೇಕರ್ ಪಂಥದ ದೈವಭಕ್ತರು. ತಮ್ಮ ಕಾರ್ಖಾನೆಯ ಕಾರ್ಮಿಕರನ್ನು ಚೆನ್ನಾಗಿ ನೋಡಿಕೊಳ್ಳುವವರೆಂದು ಹೆಸರಾಗಿದ್ದವರು. ಮಾರಾಟಕ್ಕಿದ್ದ ತೋಟವೊಂದರ ಆಸ್ತಿಪಟ್ಟಿಯಲ್ಲಿ ಕೂಲಿಗಳಿಗೂ ಬೆಲೆ ಕಟ್ಟಿದ್ದುದು 1901ರಲ್ಲಿ ಅವರ ಕಣ್ಣಿಗೆ ಬಿತ್ತು. ಅವರು ವಿಚಾರಿಸಿದರು, ಲಿಸ್ಬನ್‌ಗೆ ಹೋದರು, ತನಿಖೆಗೆ ಜನ ಕಳುಹಿಸಿದರು. 1906ರಲ್ಲಿ ಪತ್ರಕರ್ತ ಹೆನ್ರಿ ನೆವಿನ್ಸನ್ ತಾನು ಕಣ್ಣಾರೆ ಕಂಡದ್ದನ್ನು ಪುಸ್ತಕವಾಗಿ ಪ್ರಕಟಿಸಿದರು. ಖರೀದಿ ನಿಂತದ್ದು ಮಾತ್ರ 1909ರಲ್ಲಿ. ಖರೀದಿ ನಿಲ್ಲಿಸಿದರೆ ಪೋರ್ಚುಗಲ್ ಮೇಲೆ ಒತ್ತಡ ತರುವ ಶಕ್ತಿಯೂ ಹೋಗುತ್ತದೆಂಬುದು ಅವರ ವಾದವಾಗಿತ್ತು. ಅದರಲ್ಲಿ ಹುರುಳಿದ್ದಿರಬಹುದು. ಆದರೂ ಆ ಎಂಟು ವರ್ಷಗಳಲ್ಲಿ ದುಡಿದು ಸತ್ತವರಿಗೆ ಆ ವಾದದಿಂದ ಏನು ದೊರೆಯಿತು? ಕೆಟ್ಟವರ ಕ್ರೌರ್ಯಕ್ಕಿಂತಲೂ ಒಳ್ಳೆಯವರ ವಿಳಂಬ ನಮ್ಮನ್ನು ಹೆಚ್ಚು ಕಾಡಬೇಕು; ಏಕೆಂದರೆ ನಮ್ಮಲ್ಲಿ ಬಹುತೇಕರು ಆ ಎರಡನೆಯ ಸಾಲಿಗೆ ಸೇರಿದವರು.

1975ರಲ್ಲಿ ಆ ದೇಶ ಸ್ವತಂತ್ರವಾಯಿತು. 'ರೋಸ' ಎನ್ನುವ ಆ ಹಳೆಯ ತೋಟಗಳು ಇಂದೂ ಇವೆ. ಕೆಲವೆಡೆ ಧಣಿಗಳ ಬಂಗಲೆಗಳು ಪ್ರವಾಸಿಗರ ವಸತಿಗೃಹಗಳಾಗಿವೆ. ನಮ್ಮ ಕಾಫಿ ತೋಟಗಳ ಲೈನ್ ಮನೆಗಳಂಥ ಸಾಲುಮನೆಗಳಲ್ಲಿ ಅಂದಿನ ಕೂಲಿಗಳ ಸಂತತಿ ಇಂದಿಗೂ ಬಾಳುತ್ತಿದೆ. ವಿದೇಶಿಯರನ್ನು ಕಂಡೊಡನೆ ಮಕ್ಕಳು ಓಡಿಬಂದು ಮಿಠಾಯಿ ಕೇಳುತ್ತಾರೆ. ಒಂದು ಕಾಲದಲ್ಲಿ ಜಗತ್ತಿಗೇ ಸಿಹಿ ಉಣಿಸಿದ ನೆಲದ ಮಕ್ಕಳು ಅವರು! ಪ್ರವಾಸಿ ಚೀಲಕ್ಕೆ ಕೈಹಾಕಿ ಒಂದು ಹಿಡಿ ಚಾಕಲೇಟ್ ಕೊಡುತ್ತಾನೆ. ದಾನ ಮಾಡಿದ ತೃಪ್ತಿಯಿಂದ ಮುಂದೆ ನಡೆಯುತ್ತಾನೆ. ಮಗುವಿಗೆ ಕೊಟ್ಟದ್ದು ತಪ್ಪೆಂದು ಹೇಳಲಾರೆವು. ಆದರೆ ಸಲ್ಲಬೇಕಾದ ನ್ಯಾಯ ಸಲ್ಲದಿರುವಲ್ಲಿ ದಾನವು ಹಳೆಯ ಸಾಲದ ಮೇಲೆ ಹೊದಿಸಿದ ಬಟ್ಟೆಯಾಗಿಬಿಡುವ ಅಪಾಯವಿದೆ.

ಹಾಗಾದರೆ ಅಲ್ಲಿಗೆ ಹೋಗಲೇಬಾರದೇ? ಹಾಗಲ್ಲ. ಪ್ರೇಷಿತ ತೋಮಸರನ್ನು ನಾವು ಸಂದೇಹಿಯೆಂದಷ್ಟೇ ನೆನೆಯುತ್ತೇವೆ. ಆದರೆ ಅವರು ನೋಡಬಯಸಿದ್ದು ಪುನರುತ್ಥಾನಗೊಂಡ ಪ್ರಭುವಿನ ಪ್ರಭೆಯನ್ನಲ್ಲ, ಗಾಯಗಳನ್ನು. ಪ್ರಭುವೂ ಅವನ್ನು ಮುಚ್ಚಿಡಲಿಲ್ಲ. ಗಾಯಗಳನ್ನು ಕಂಡ ಬಳಿಕವೇ ತೋಮಸರ ಬಾಯಿಂದ ವಿಶ್ವಾಸದ ಮಾತು ಹೊರಟಿತು. ಅವರ ಹೆಸರು ಹೊತ್ತ ದ್ವೀಪಕ್ಕೆ ಹೋಗುವವನೂ ಹಾಗೆಯೇ ಹೋಗಲಿ. ಕಡಲನ್ನು ನೋಡಲಿ, ಕಾಡನ್ನು ನೋಡಲಿ. ಸಾಲುಮನೆಯ ಜಗಲಿಯಲ್ಲೂ ತುಸುಹೊತ್ತು ಕುಳಿತು ಅಲ್ಲಿಯ ಹಿರಿಯರ ಮಾತಿಗೆ ಕಿವಿಗೊಡಲಿ. ಅಲ್ಲಿಯ ಸಣ್ಣ ರೈತರು ಇಂದು ಸಹಕಾರ ಸಂಘಗಳನ್ನು ಕಟ್ಟಿಕೊಂಡು ಸಾವಯವ ಕೊಕ್ಕೋ ಮಾರುತ್ತಿದ್ದಾರೆ. ಅವರ ಬೆಳೆಗೆ ತಕ್ಕ ಬೆಲೆ ಕೊಡುವುದು ಮಕ್ಕಳಿಗೆ ಹಂಚುವ ಮಿಠಾಯಿಗಿಂತ ದೊಡ್ಡ ಗೌರವ.

ನಮ್ಮಲ್ಲಿ ಬಹುಮಂದಿ ಆ ದ್ವೀಪವನ್ನು ಎಂದೂ ಕಾಣಲಾರೆವು. ಆದರೆ ದೂರದ ಕೈಗಳು ದುಡಿದು ಬೆಳೆದದ್ದು ನಮ್ಮ ಮನೆಯ ಮೇಜಿಗೆ ದಿನವೂ ಬರುತ್ತದೆ. ಅದರ ಹಿಂದಿನ ಕಥೆ ಕಿವಿಗೆ ಬಿದ್ದ ದಿನ, ನಾವು ಎಷ್ಟು ವರ್ಷ ವಿಚಾರಿಸುತ್ತಾ ಕೂರುತ್ತೇವೆ?